ಲೈಮ್ ಕಾಯಿಲೆ ವಾಸಿಯಾಗಿ ವರ್ಷಗಳಾದ ಮೇಲೆ ಮತ್ತೆ ಕಲೆ ಎದ್ದರೆ: ಮನೆಯಿಂದ ವೈದ್ಯರವರೆಗೆ ಒಂದು ಮಾರ್ಗದರ್ಶಿ

ಧಾರವಾಡದ ನಮ್ಮ ಬಡಾವಣೆಯಲ್ಲಿ ಮಗನೋ ಮಗಳೋ ಅಮೆರಿಕದಲ್ಲಿರುವ ಮನೆಗಳು ಬಹಳ. ಬಾಣಂತನಕ್ಕೆಂದೋ ಮೊಮ್ಮಕ್ಕಳನ್ನು ಆಡಿಸಲೆಂದೋ ಹೋಗಿ ಐದಾರು ತಿಂಗಳು ಇದ್ದು ಬರುವ ಹಿರಿಯರಲ್ಲಿ ನಾನೂ ನನ್ನ ಪತ್ನಿಯೂ ಸೇರಿದ್ದೇವೆ. 2022ರ ಜೂನ್ ತಿಂಗಳಲ್ಲಿ ಮ್ಯಾಸಚೂಸೆಟ್ಸ್‌ನಲ್ಲಿದ್ದಾಗ, ಮಗನ ಮನೆಯ ಹಿಂದಿನ ಕಾಡುದಾರಿಯಲ್ಲಿ ದಿನವೂ ಸಂಜೆ ಅಡ್ಡಾಡುತ್ತಿದ್ದ ಆಕೆಯ ಮೊಣಕಾಲ ಹಿಂದೆ ಅಂಗೈಯಗಲದ ಕಲೆಯೊಂದು ಎದ್ದಿತು. ಅಲ್ಲಿಯ ವೈದ್ಯರು ನೋಡಿದೊಡನೆ ಉಣ್ಣಿ ಕಚ್ಚುವುದರಿಂದ ಬರುವ ಲೈಮ್ ಕಾಯಿಲೆ ಎಂದು ಗುರುತಿಸಿ, ರಕ್ತಪರೀಕ್ಷೆಗೂ ಕಾಯದೆ ಡಾಕ್ಸಿಸೈಕ್ಲಿನ್ ಎಂಬ ಆಂಟಿಬಯೋಟಿಕ್ ಅನ್ನು 14 ದಿನಗಳಿಗೆ ಬರೆದುಕೊಟ್ಟರು. ಕಲೆ ಮಾಸಿತು, ನಾವು ಊರಿಗೆ ಬಂದೆವು, ವಿಷಯ ಮರೆತೇ ಹೋಯಿತು. ಎರಡು ವರ್ಷ ಕಳೆದು ಶ್ರಾವಣದ ಜಿಟಿಜಿಟಿ ಮಳೆಯ ಒಂದು ಮುಂಜಾನೆ ಆಕೆ ಒಳಗಿನಿಂದ ಕರೆದಳು: “ಇಲ್ಲಿ ಬರ್ರಿ, ಅದ ಮತ್ತ ಎದ್ದದ ನೋಡ್ರಿ.” ಸೊಂಟದ ಬಲಬದಿಗೆ, ಪರಕಾರದ ಲಾಡಿ ಬಿಗಿಯುವ ಜಾಗದಲ್ಲಿ, ಉಂಗುರದಂಥ ಕಲೆ ಮೂಡಿತ್ತು.

ಆ ಮುಂಜಾನೆಯಿಂದ ಮುಂದಿನ ಒಂದು ತಿಂಗಳಲ್ಲಿ ನಾವು ಮಾಡಿದ ತಪ್ಪುಗಳಿಂದಲೂ, ಅನಂತರ ವೈದ್ಯರನ್ನು ಕೇಳಿ ಮತ್ತು ಓದಿ ತಿಳಿದುಕೊಂಡದ್ದರಿಂದಲೂ ಈ ಲೇಖನ ಹುಟ್ಟಿದೆ. ನಾನು ವೈದ್ಯನಲ್ಲ, ಪ್ರೌಢಶಾಲೆಯಲ್ಲಿ ಜೀವಶಾಸ್ತ್ರ ಕಲಿಸಿ ನಿವೃತ್ತನಾದವನು. ಆದ್ದರಿಂದ ಇಲ್ಲಿ ಹೇಳಿರುವುದು ವೈದ್ಯರ ಬಳಿಗೆ ಹೋಗುವ ಮುನ್ನ ಮತ್ತು ಹೋದಾಗ ಮಾಡಬೇಕಾದ ಕೆಲಸಗಳನ್ನೇ ಹೊರತು ವೈದ್ಯರ ಬದಲಿಗೆ ಮಾಡಿಕೊಳ್ಳುವ ಉಪಚಾರವನ್ನಲ್ಲ. ಹೇಳಬೇಕೆಂದಿರುವ ಮುಖ್ಯ ಮಾತು ಇಷ್ಟು: ಲೈಮ್ ಕಾಯಿಲೆಗೆ ಸರಿಯಾದ ಔಷಧ ಪಡೆದು ವಾಸಿಯಾದವರ ಮೈಮೇಲೆ ವರ್ಷಗಳ ನಂತರ ಏಳುವ ಕಲೆಯನ್ನು ಹಳೆಯ ಕಾಯಿಲೆಯ ಲೆಕ್ಕಕ್ಕೆ ಜಮಾ ಮಾಡಬಾರದು, ಅದನ್ನು ಹೊಸ ಕಲೆಯೆಂದೇ ಹಿಡಿದು ಮೊದಲಿನಿಂದ ವಿಚಾರಿಸಬೇಕು.

ಹಳೆಯ ಕಾಯಿಲೆ ಎಂಥದಾಗಿತ್ತೆಂಬುದು ನೆನಪಿರಲಿ

ಲೈಮ್ ಎಂಬುದು ಒಂದು ಊರಿನ ಹೆಸರು. ಸುಣ್ಣಕ್ಕೂ ನಿಂಬೆಗೂ ಇದಕ್ಕೂ ಸಂಬಂಧವಿಲ್ಲ. ಅಮೆರಿಕದ ಕನೆಕ್ಟಿಕಟ್ ರಾಜ್ಯದ ಲೈಮ್ ಮತ್ತು ಸುತ್ತಲಿನ ಊರುಗಳ ಮಕ್ಕಳಲ್ಲಿ ಕೀಲುಬಾವು ಗುಂಪುಗುಂಪಾಗಿ ಕಾಣಿಸಿಕೊಂಡದ್ದನ್ನು 1975ರ ಸುಮಾರಿಗೆ ತನಿಖೆ ಮಾಡಿದಾಗ ಈ ಹೆಸರು ಬಂತು. ಉಣ್ಣಿಯ ಹೊಟ್ಟೆಯೊಳಗಿನ ಸುರುಳಿ ಬ್ಯಾಕ್ಟೀರಿಯಾವೇ ಇದಕ್ಕೆ ಕಾರಣವೆಂಬುದನ್ನು 1982ರಲ್ಲಿ ವಿಲ್ಲಿ ಬರ್ಗ್‌ಡಾರ್ಫರ್ ಮತ್ತು ಅವರ ಜೊತೆಗಾರರು ಪ್ರಕಟಿಸಿದರು. ಅವರ ಹೆಸರಿನಿಂದಲೇ ಅದು ಬೊರೇಲಿಯಾ ಬರ್ಗ್‌ಡಾರ್ಫೆರಿ ಎನಿಸಿಕೊಂಡಿತು.

ಉಣ್ಣಿ ಕಚ್ಚಿದ 3ರಿಂದ 30 ದಿನಗಳ ಒಳಗೆ ಏಳುವ ಮೊದಲ ಕಲೆಗೆ ಎರಿಥೀಮಾ ಮೈಗ್ರಾನ್ಸ್, ಅಂದರೆ ಸರಿದಾಡುವ ಕಲೆ, ಎನ್ನುತ್ತಾರೆ. ಅಮೆರಿಕದಲ್ಲಿ ಸುಮಾರು 70ರಿಂದ 80 ಪ್ರತಿಶತ ರೋಗಿಗಳಲ್ಲಿ ಇದು ಕಾಣುತ್ತದೆ. ಇದು ದಿನದಿಂದ ದಿನಕ್ಕೆ ಹರಡುತ್ತ 5 ಸೆಂಟಿಮೀಟರ್ ದಾಟುತ್ತದೆ, ಕೆಲವೊಮ್ಮೆ 30 ಸೆಂಟಿಮೀಟರ್‌ವರೆಗೂ ಹೋಗುತ್ತದೆ. ಮುಟ್ಟಿದರೆ ಬೆಚ್ಚಗಿರಬಹುದು, ಆದರೆ ತುರಿಕೆಯಾಗಲಿ ನೋವಾಗಲಿ ಸಾಮಾನ್ಯವಾಗಿ ಇರುವುದಿಲ್ಲ, ಮೇಲೆ ಹೊಟ್ಟೂ ಏಳುವುದಿಲ್ಲ. ಪುಸ್ತಕದ ಚಿತ್ರಗಳಲ್ಲಿ ಬಿಳಿಯ ಮೈಮೇಲೆ ಎದ್ದುಕಾಣುವ ಕೆಂಪು ಉಂಗುರಗಳನ್ನೇ ತೋರಿಸುವುದರಿಂದ ನಮ್ಮವರು ಮೋಸಹೋಗುತ್ತಾರೆ. ಉಂಗುರವಾಗದೆ ಇಡಿಯಾಗಿ ಒಂದೇ ಬಣ್ಣವಿರುವ ಕಲೆಗಳೂ ಬಹಳ, ಮತ್ತು ಗೋಧಿ ಬಣ್ಣದ ಅಥವಾ ಕಪ್ಪು ಮೈಯವರಲ್ಲಿ ಅದು ಕೆಂಪಾಗಿ ಕಾಣದೆ ಕಂದಾಗಿಯೋ ನೇರಳೆಯಾಗಿಯೋ, ಕೆಲವೊಮ್ಮೆ ಹಳೆಯ ಪೆಟ್ಟಿನ ಗುರುತಿನಂತೆಯೋ ಕಾಣುತ್ತದೆ.

ಇನ್ನೊಂದು ಸಂಗತಿಯೂ ಗೊತ್ತಿರಬೇಕು. ಔಷಧ ತೆಗೆದುಕೊಳ್ಳದಿದ್ದರೂ ಈ ಕಲೆ ಕೆಲವು ವಾರಗಳಲ್ಲಿ ತಾನಾಗಿಯೇ ಮಾಸುತ್ತದೆ, ಬ್ಯಾಕ್ಟೀರಿಯಾ ಮಾತ್ರ ಒಳಗೇ ಉಳಿಯಬಹುದು. ಆದ್ದರಿಂದ “ಆಗ ಕಲೆ ಹೋಗಿತ್ತಲ್ಲ” ಎಂಬುದಕ್ಕಿಂತ “ಆಗ ಯಾವ ಔಷಧವನ್ನು ಎಷ್ಟು ದಿನ ತಪ್ಪದೆ ತೆಗೆದುಕೊಂಡೆ” ಎಂಬುದೇ ಮುಂದಿನ ವಿಚಾರಣೆಗೆ ಬೇಕಾದ ಪ್ರಶ್ನೆ.

ಮೊದಲ ಹೆಜ್ಜೆ: ತಡಮಾಡಬಾರದ ಲಕ್ಷಣಗಳಿವೆಯೇ ನೋಡಿ

ಕಲೆಯ ಜೊತೆಗೆ ಜೋರು ಜ್ವರ, ಉಸಿರಾಟದ ತೊಂದರೆ, ತುಟಿ ಅಥವಾ ನಾಲಿಗೆಯ ಬಾವು, ಬಾಯೊಳಗೆ ಇಲ್ಲವೆ ಕಣ್ಣಿನಲ್ಲಿ ಹುಣ್ಣು, ಚರ್ಮದ ಮೇಲೆ ಬೊಬ್ಬೆ ಎದ್ದು ಸುಲಿಯುವುದು, ಮುಖ ಒಂದು ಬದಿಗೆ ಸೊಟ್ಟಗಾಗುವುದು, ಎದೆ ಬಡಿತ ತಪ್ಪಿದಂತಾಗಿ ತಲೆ ಸುತ್ತುವುದು ಇವುಗಳಲ್ಲಿ ಒಂದಿದ್ದರೂ ಈ ಲೇಖನವನ್ನು ಬದಿಗಿಟ್ಟು ಅದೇ ದಿನ, ಸಾಧ್ಯವಾದರೆ ಅದೇ ಗಂಟೆಯಲ್ಲಿ, ಆಸ್ಪತ್ರೆಗೆ ಹೋಗಬೇಕು. ಪಾರದರ್ಶಕ ಗಾಜಿನ ಲೋಟವನ್ನು ಕಲೆಯ ಮೇಲೆ ಒತ್ತಿ ನೋಡಿ. ಒತ್ತಿದಾಗಲೂ ಬಣ್ಣ ತಿಳಿಯಾಗದ ಕೆಂಪು ಅಥವಾ ನೇರಳೆ ಚುಕ್ಕೆಗಳು ಜ್ವರದೊಂದಿಗಿದ್ದರೆ ಅದೂ ತುರ್ತೇ.

ಎರಡನೆಯ ಹೆಜ್ಜೆ: ಏನನ್ನೂ ಹಚ್ಚದೆ, ಗೆರೆ ಎಳೆದು ಫೋಟೋ ತೆಗೆಯಿರಿ

ನಾವು ಎಡವಿದ್ದು ಇಲ್ಲಿಯೇ. ಹೆದರಿಕೆಯಲ್ಲಿ ನಾನು ಹತ್ತಿರದ ಔಷಧ ಅಂಗಡಿಗೆ ಹೋಗಿ, ಕಲೆ ಎದ್ದಿದೆ ಎಂದಷ್ಟೇ ಹೇಳಿ ಒಂದು ಮುಲಾಮು ತಂದೆ. ನಾಲ್ಕು ದಿನಗಳಲ್ಲಿ ಕೆಂಪು ಇಳಿಯಿತು, ತುರಿಕೆ ನಿಂತಿತು, ನಮಗೆ ಸಮಾಧಾನವಾಯಿತು. ಮುಲಾಮು ಬಿಟ್ಟ ಒಂದು ವಾರಕ್ಕೆ ಕಲೆ ಎರಡು ಪಟ್ಟಾಗಿ, ಅಂಚೇ ಗೊತ್ತಾಗದ ಹಾಗೆ ಹರಡಿ, ಹೊಟ್ಟೆಯ ಕಡೆಗೂ ತೊಡೆಯ ಕಡೆಗೂ ಸರಿಯಿತು. “ಸರಿದಾಡುವ ಕಲೆ” ಎಂಬ ಮಾತನ್ನು ಓದಿದ್ದ ನಮಗೆ ಅದು ಲೈಮೇ ಎಂದು ಮತ್ತಷ್ಟು ಖಾತ್ರಿಯಾಯಿತು. ಆ ಟ್ಯೂಬಿನಲ್ಲಿ ಇದ್ದದ್ದು ಕ್ಲೋಬೆಟಸಾಲ್ ಎಂಬ ತೀಕ್ಷ್ಣ ಸ್ಟೀರಾಯ್ಡ್, ಜೊತೆಗೆ ಒಂದು ಶಿಲೀಂಧ್ರನಾಶಕ ಮತ್ತು ಒಂದು ಆಂಟಿಬಯೋಟಿಕ್. ಸ್ಟೀರಾಯ್ಡ್ ಮುಲಾಮುಗಳನ್ನು 2018ರಲ್ಲಿ ಕೇಂದ್ರ ಸರ್ಕಾರ ಶೆಡ್ಯೂಲ್ ಎಚ್ ಪಟ್ಟಿಗೆ ಸೇರಿಸಿದೆ; ಅಂದರೆ ವೈದ್ಯರ ಚೀಟಿಯಿಲ್ಲದೆ ಅವನ್ನು ಕೊಡುವಂತಿಲ್ಲ, ನಾನು ಕೇಳಲೂಬಾರದಿತ್ತು.

ಆದ್ದರಿಂದ ಕಲೆ ಕಂಡ ದಿನ ಮುಲಾಮು, ಅರಿಶಿನ, ಬೇವಿನೆಣ್ಣೆ, ಸುಣ್ಣ ಯಾವುದನ್ನೂ ಹಚ್ಚದೆ ಬಾಲ್ ಪೆನ್ನಿನಿಂದ ಕಲೆಯ ಅಂಚಿನ ಗುಂಟ ತೆಳುವಾಗಿ ಗೆರೆ ಎಳೆಯಬೇಕು. ಕಿಟಕಿಯ ಬಳಿ ಹಗಲು ಬೆಳಕಿನಲ್ಲಿ, ಮೊಬೈಲಿನ ಫ್ಲ್ಯಾಶ್ ಹಾಕದೆ, ಒಂದು ಫೋಟೋವನ್ನು ಹತ್ತಿರದಿಂದಲೂ ಇನ್ನೊಂದನ್ನು ಮೈಯ ಯಾವ ಭಾಗವೆಂದು ತಿಳಿಯುವಷ್ಟು ದೂರದಿಂದಲೂ ತೆಗೆಯಬೇಕು. ಅಳತೆಗೆ ಹತ್ತು ರೂಪಾಯಿಯ ನಾಣ್ಯವನ್ನು ಪಕ್ಕದಲ್ಲಿಡಿ. ಅದರ ಅಡ್ಡಳತೆ 27 ಮಿಲಿಮೀಟರ್, ಹಾಗಾಗಿ ಎರಡು ನಾಣ್ಯಗಳನ್ನು ಪಕ್ಕಪಕ್ಕ ಇಟ್ಟರೆ 5 ಸೆಂಟಿಮೀಟರಿಗಿಂತ ತುಸು ಹೆಚ್ಚಾಗುತ್ತದೆ, ಲೈಮ್ ಕಲೆಯ ವಿಚಾರದಲ್ಲಿ ವೈದ್ಯರು ನೋಡುವ ಕನಿಷ್ಠ ಅಳತೆಯೂ ಹೆಚ್ಚುಕಡಿಮೆ ಅದೇ. ದಿನವೂ ಅದೇ ವೇಳೆಗೆ ಮೂರು ದಿನ ಹೀಗೆ ಮಾಡಿದರೆ ಮೂರು ಸಂಗತಿಗಳು ಗೊತ್ತಾಗುತ್ತವೆ: ಕಲೆ ಗೆರೆ ದಾಟುತ್ತಿದೆಯೇ, ನಿಂತಲ್ಲೇ ನಿಂತಿದೆಯೇ, ಅಥವಾ 24 ಗಂಟೆಯೊಳಗೆ ಅಲ್ಲಿಂದ ಮಾಯವಾಗಿ ಬೇರೆಡೆ ಎದ್ದಿದೆಯೇ. ಮೂರನೆಯದಾದರೆ ಅದು ಬಹುಪಾಲು ಪಿತ್ತಗಂಧೆ. ಇತ್ತೀಚೆಗೆ ಲೈಮ್ ಇರುವ ನಾಡಿನಿಂದ ಮರಳಿದವರು ಮಾತ್ರ ಮೂರು ದಿನ ಕಾಯದೆ ಮೊದಲ ಫೋಟೋದೊಂದಿಗೇ ವೈದ್ಯರ ಬಳಿಗೆ ಹೋಗಬೇಕು.

ಮೂರನೆಯ ಹೆಜ್ಜೆ: ಒಂದು ಹಾಳೆಯ ಮೇಲೆ ತಾರೀಖುಗಳನ್ನು ಬರೆಯಿರಿ

ಹಳೆಯ ಕಾಯಿಲೆ ಯಾವ ತಿಂಗಳು, ಯಾವ ದೇಶದ ಯಾವ ರಾಜ್ಯದಲ್ಲಿ ಬಂತು; ಕಲೆ ಎಲ್ಲಿತ್ತು; ಔಷಧದ ಹೆಸರು, ಪ್ರಮಾಣ, ದಿನಗಳು; ಇಡೀ ಕೋರ್ಸ್ ಮುಗಿಸಿದಿರೋ ಇಲ್ಲವೋ. ಆಮೇಲೆ ಮತ್ತೆ ಅಲ್ಲಿಗೆ ಹೋಗಿದ್ದರೆ ಯಾವಾಗ. ಇಲ್ಲಿ ಕಾಡಿಗೆ ಹೋಗಿದ್ದರೆ ಎಲ್ಲಿಗೆ. ಈ ಕಲೆ ಏಳುವ ಹಿಂದಿನ ಎರಡು ವಾರಗಳಲ್ಲಿ ನುಂಗಿದ ಪ್ರತಿಯೊಂದು ಮಾತ್ರೆ, ತಲೆನೋವಿನದೂ ಹೊಟ್ಟೆಯದೂ ಸೇರಿದಂತೆ. ಅಲ್ಲಿಯ ಆಸ್ಪತ್ರೆಯ ದಾಖಲೆಗಳು ಸಾಮಾನ್ಯವಾಗಿ ಆನ್‌ಲೈನ್ ಖಾತೆಯಲ್ಲಿರುತ್ತವೆ. ಮಕ್ಕಳಿಗೆ ಹೇಳಿ ಮುದ್ರಿಸಿಕೊಳ್ಳಿ, ಮೊದಲ ಕಲೆಯ ಫೋಟೋ ಯಾರ ಮೊಬೈಲಿನಲ್ಲಾದರೂ ಉಳಿದಿದ್ದರೆ ಅದನ್ನೂ ಹುಡುಕಿಸಿ. ನಮ್ಮ ಸೊಸೆ ಕಳಿಸಿದ ಆ ಹಳೆಯ ಫೋಟೋವೇ ಮುಂದೆ ವೈದ್ಯರಿಗೆ ಎಲ್ಲಕ್ಕಿಂತ ಹೆಚ್ಚು ಉಪಯೋಗಕ್ಕೆ ಬಂತು.

ನಾಲ್ಕನೆಯ ಹೆಜ್ಜೆ: ಲೈಮ್‌ಗೆ ಸಂಬಂಧಿಸಿರಬಹುದಾದ ಮೂರು ದಾರಿಗಳನ್ನು ಪರಿಶೀಲಿಸಿ

ಮೊದಲನೆಯದು, ಹೊಸದಾಗಿ ಮತ್ತೆ ಕಚ್ಚಿಸಿಕೊಂಡಿರುವುದು. ಒಮ್ಮೆ ಲೈಮ್ ಬಂದರೆ ಮತ್ತೆ ಬಾರದೆಂಬ ಭರವಸೆ ಇಲ್ಲ, ಏಕೆಂದರೆ ಒಂದು ತಳಿಯ ವಿರುದ್ಧ ಮೈಯಲ್ಲಿ ಬೆಳೆದ ರಕ್ಷಣೆ ಇನ್ನೊಂದು ತಳಿಗೆ ಸಾಲುವುದಿಲ್ಲ. ಅಮೆರಿಕದ ಸಂಶೋಧಕರು ಎರಡು ಅಥವಾ ಹೆಚ್ಚು ಬಾರಿ ಎರಿಥೀಮಾ ಮೈಗ್ರಾನ್ಸ್ ಕಂಡ 17 ರೋಗಿಗಳ ಬ್ಯಾಕ್ಟೀರಿಯಾಗಳನ್ನು ತಳಿಮಟ್ಟದಲ್ಲಿ ಹೋಲಿಸಿ 2012ರಲ್ಲಿ ಪ್ರಕಟಿಸಿದ ಅಧ್ಯಯನ ಈ ವಿಷಯದಲ್ಲಿ ಬಹಳ ಮುಖ್ಯವಾದದ್ದು. ಒಂದರ ಹಿಂದೊಂದು ಬಂದ 22 ಜೊತೆ ಕಲೆಗಳನ್ನು ನೋಡಿದಾಗ, ಔಷಧ ಪಡೆದ ಆ ರೋಗಿಗಳ ಮರುಕಲೆಗಳು ಹಳೆಯ ಸೋಂಕು ಮರುಕಳಿಸಿ ಬಂದವಲ್ಲ, ಹೊಸ ಉಣ್ಣಿಯಿಂದ ಬಂದ ಹೊಸ ಸೋಂಕುಗಳು ಎಂದು ತಿಳಿದುಬಂತು. ನಮ್ಮ ಪಾಲಿಗೆ ಇದರ ಅರ್ಥ ಸ್ಪಷ್ಟ: ಹಿಂದೆ ಸರಿಯಾದ ಚಿಕಿತ್ಸೆಯಾಗಿದ್ದು, ಕಳೆದ ಒಂದು ತಿಂಗಳಲ್ಲಿ ಲೈಮ್ ಇರುವ ನಾಡಿಗೆ ನೀವು ಹೋಗಿರದಿದ್ದರೆ, ಹುಬ್ಬಳ್ಳಿಯಲ್ಲೋ ಗದಗದಲ್ಲೋ ಕುಳಿತಿರುವ ನಿಮ್ಮ ಮೈಮೇಲೆ ಎದ್ದ ಉಂಗುರ ಎರಿಥೀಮಾ ಮೈಗ್ರಾನ್ಸ್ ಆಗಿರುವ ಸಾಧ್ಯತೆ ಬಹಳ ಕಡಿಮೆ. ಹೋಗಿ ಬಂದಿದ್ದರೆ ಮಾತ್ರ ಅದೇ ಮೊದಲ ಅನುಮಾನವಾಗಬೇಕು.

ನಮ್ಮ ಊರಿನ ಉಣ್ಣಿಗಳ ಬಗ್ಗೆ ಎಲ್ಲರೂ ಕೇಳುತ್ತಾರೆ. ದನದ ಕೆಚ್ಚಲಿಗೆ ಅಂಟಿಕೊಳ್ಳುವ, ನಾಯಿಯ ಕಿವಿಯಲ್ಲಿ ಗಜ್ಜುಗದಂತೆ ಉಬ್ಬುವ ಉಣ್ಣಿಗಳು ಬೇರೆ ಜಾತಿಯವು. ಲೈಮ್ ಹರಡುವುದು ತೇವದ ಕಾಡಿನ ಇಕ್ಸೋಡಿಸ್ ಎಂಬ ಕುಲದವು. ಭಾರತದಲ್ಲಿಯೂ ಅಲ್ಲಲ್ಲಿ ಲೈಮ್ ವರದಿಯಾಗಿದೆ, ಆದರೆ ನಮ್ಮ ಎರೆಹೊಲದ ಸೀಮೆಯಲ್ಲಿ ಅದು ಮೊದಲು ಯೋಚಿಸಬೇಕಾದ ಕಾಯಿಲೆಯಲ್ಲ. ಹಾನಗಲ್ಲು, ಕಲಘಟಗಿ, ಅಳ್ನಾವರದ ಕಡೆ ಮಲೆನಾಡಿನ ಅಂಚಿನಲ್ಲಿ ಓಡಾಡಿದವರು ಬೇರೆ ಎರಡನ್ನು ನೆನಪಿಡಬೇಕು. ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಗುರುತಿಸಿದ ಮಂಗನ ಕಾಯಿಲೆಯನ್ನು ಹರಡುವುದೂ ಉಣ್ಣಿಯೇ. ಅದು ಉಂಗುರದ ಕಲೆಯಿಂದಲ್ಲ, ಹಠಾತ್ತಾದ ಜೋರು ಜ್ವರ, ತಲೆನೋವು, ಮೈಕೈ ನೋವಿನಿಂದ ಶುರುವಾಗುತ್ತದೆ. ಇನ್ನೊಂದು ಸ್ಕ್ರಬ್ ಟೈಫಸ್. ಇದು ನುಸಿಯ ಮರಿಗಳಿಂದ ಬರುತ್ತದೆ. ಕಚ್ಚಿದಲ್ಲಿ, ಹೆಚ್ಚಾಗಿ ಕಂಕುಳು, ತೊಡೆಸಂದು, ಸ್ತನದ ಕೆಳಗಿನಂಥ ಮರೆಯ ಜಾಗದಲ್ಲಿ, ಬೀಡಿಯಿಂದ ಸುಟ್ಟಂತೆ ಕರಿ ಹಕ್ಕಳೆಯೊಂದು ಕಾಣಬಹುದು. ಜ್ವರವೂ ಅಂಥ ಹಕ್ಕಳೆಯೂ ಜೊತೆಗಿದ್ದರೆ ಅದನ್ನು ವೈದ್ಯರಿಗೆ ತೋರಿಸಲು ಸಂಕೋಚಪಡಬಾರದು.

ಎರಡನೆಯ ದಾರಿ, ಅಂದು ಔಷಧ ತೆಗೆದುಕೊಳ್ಳದೇ ಇದ್ದದ್ದು ಅಥವಾ ಅರ್ಧಕ್ಕೆ ಬಿಟ್ಟದ್ದು. ಅಂಥವರಲ್ಲಿ ಕಲೆಗಳು ಮತ್ತೆ ಮೂಡುವುದುಂಟು, ಅದಕ್ಕಿಂತ ಹೆಚ್ಚಾಗಿ ತಿಂಗಳುಗಳ ನಂತರ ಮೊಣಕಾಲು ಊದಿಕೊಳ್ಳುವುದುಂಟು.

ಮೂರನೆಯದು ಯುರೋಪಿನಲ್ಲಿ ಇದ್ದು ಬಂದವರಿಗೆ ಸಂಬಂಧಿಸಿದ್ದು, ಮತ್ತು ನಿಜಕ್ಕೂ “ವರ್ಷಗಳ ನಂತರ” ಎಂಬ ಮಾತಿಗೆ ಸಲ್ಲುವ ಚರ್ಮರೋಗ ಇದೇ. ಜರ್ಮನಿ, ಆಸ್ಟ್ರಿಯಾ, ಸ್ವೀಡನ್ ಮೊದಲಾದ ದೇಶಗಳ ಉಣ್ಣಿಗಳಲ್ಲಿ ಬೊರೇಲಿಯಾ ಆಫ್ಜೆಲಿ ಎಂಬ ಪ್ರಭೇದವಿದೆ. ಅದಕ್ಕೆ ಚಿಕಿತ್ಸೆಯಾಗದೆ ಉಳಿದರೆ ತಿಂಗಳುಗಳ ಅಥವಾ ಹಲವು ವರ್ಷಗಳ ನಂತರ ಅಕ್ರೋಡರ್ಮಟೈಟಿಸ್ ಕ್ರಾನಿಕಾ ಅಟ್ರೋಫಿಕಾನ್ಸ್ ಎಂಬ ಸ್ಥಿತಿ ತಲೆದೋರಬಹುದು. ಹೆಚ್ಚಾಗಿ ಒಂದೇ ಬದಿಯ ಅಂಗೈಯ ಹಿಂಭಾಗ, ಮೊಣಕೈ, ಪಾದ ಅಥವಾ ಮೊಣಕಾಲಿನ ಮೇಲೆ ನೀಲಿಗೆಂಪು ಬಣ್ಣ ಮತ್ತು ಬಾವು ನಿಧಾನವಾಗಿ ಬರುತ್ತವೆ. ವರ್ಷ ಕಳೆದಂತೆ ಅಲ್ಲಿಯ ಚರ್ಮ ಸಿಗರೇಟಿನ ಕಾಗದದಂತೆ ತೆಳುವಾಗಿ ಸುಕ್ಕುಗಟ್ಟಿ ಕೆಳಗಿನ ರಕ್ತನಾಳಗಳು ಎದ್ದುಕಾಣುತ್ತವೆ. ನಡುವಯಸ್ಸು ದಾಟಿದ ಹೆಣ್ಣುಮಕ್ಕಳಲ್ಲಿ ಇದು ಹೆಚ್ಚು, ಮತ್ತು ವಯಸ್ಸಾದ ಚರ್ಮವೆಂದೋ ರಕ್ತ ಸರಿಯಾಗಿ ಹರಿಯುತ್ತಿಲ್ಲವೆಂದೋ ತಿಳಿದು ಬಿಟ್ಟುಬಿಡುವುದೂ ಹೆಚ್ಚು. ಇದು ತಾನಾಗಿ ವಾಸಿಯಾಗುವುದಿಲ್ಲ. ಮೂರು ನಾಲ್ಕು ವಾರಗಳ ಆಂಟಿಬಯೋಟಿಕ್‌ನಿಂದ ಸೋಂಕು ಗುಣವಾದರೂ ತೆಳುವಾದ ಚರ್ಮ ಮತ್ತೆ ಮೊದಲಿನಂತಾಗುವುದಿಲ್ಲ, ಆದ್ದರಿಂದ ಬಾವಿನ ಹಂತದಲ್ಲೇ ತೋರಿಸುವುದು ಒಳ್ಳೆಯದು.

ಐದನೆಯ ಹೆಜ್ಜೆ: ನಮ್ಮ ಸೀಮೆಯಲ್ಲಿ ನಿಜವಾಗಿ ಮರುಕಳಿಸುವ ಕಲೆಗಳನ್ನು ನೆನೆಯಿರಿ

ನನ್ನ ಪತ್ನಿಯ ಕಲೆ ಹುಳಕಡ್ಡಿಯಾಗಿತ್ತು. ಗಜಕರ್ಣ ಎಂದೂ ಕರೆಯುವ ಈ ಶಿಲೀಂಧ್ರ ಸೋಂಕು ಈಚಿನ ವರ್ಷಗಳಲ್ಲಿ ದೇಶದಾದ್ಯಂತ ಹಟಮಾರಿಯಾಗಿದೆ, ಸ್ಟೀರಾಯ್ಡ್ ಬೆರೆತ ಮುಲಾಮುಗಳ ಬಳಕೆಯೇ ಅದಕ್ಕೆ ಒಂದು ದೊಡ್ಡ ಕಾರಣವೆಂದು ಚರ್ಮವೈದ್ಯರು ಹೇಳುತ್ತಾರೆ. ಸ್ಟೀರಾಯ್ಡ್ ಉರಿಯನ್ನು ಅಡಗಿಸುತ್ತದೆ, ಶಿಲೀಂಧ್ರ ನಿರಾತಂಕವಾಗಿ ಹರಡುತ್ತದೆ, ಕಲೆಯ ರೂಪವೂ ಗುರುತು ಸಿಗದಂತೆ ಕೆಡುತ್ತದೆ. ಮುಲಾಮು ಸೋಕದ ಹುಳಕಡ್ಡಿಯ ಗುರುತು ಸುಲಭ: ಉಬ್ಬಿದ ಅಂಚು, ಅಂಚಿನ ಮೇಲೆ ಹೊಟ್ಟು, ನಡುವೆ ತಿಳಿ, ಬೆವರಿದಾಗ ತಡೆಯಲಾಗದ ತುರಿಕೆ, ವಾರಗಟ್ಟಲೆ ನಿಧಾನವಾಗಿ ಬೆಳೆಯುವುದು. ಲೈಮ್ ಕಲೆಯಲ್ಲಿ ಹೊಟ್ಟಿರುವುದಿಲ್ಲವೆಂದು ಮೇಲೆ ಹೇಳಿದ್ದನ್ನು ಇಲ್ಲಿ ಹೋಲಿಸಿ ನೋಡಿ.

ಅದನ್ನು ಖಚಿತಪಡಿಸಿಕೊಂಡ ಬಗೆಯನ್ನು ನಾನು ಕಣ್ಣಾರೆ ಕಂಡೆ. ಚರ್ಮವೈದ್ಯೆ ಬ್ಲೇಡಿನ ಮೊಂಡು ಬದಿಯಿಂದ ಕಲೆಯ ಅಂಚನ್ನು ಮೆಲ್ಲಗೆ ಕೆರೆದರು. ಜೋಳದ ಹಿಟ್ಟಿನಂತೆ ಬಿಳಿಯ ಹೊಟ್ಟು ಗಾಜಿನ ಪಟ್ಟಿಯ ಮೇಲೆ ಉದುರಿತು. ಅದರ ಮೇಲೆ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣದ ಒಂದು ಹನಿ ಹಾಕಿ, ತೆಳು ಗಾಜು ಮುಚ್ಚಿ, ಚರ್ಮದ ಕೋಶಗಳು ಕರಗುವವರೆಗೆ ಸ್ವಲ್ಪ ಹೊತ್ತು ಬಿಟ್ಟು ಸೂಕ್ಷ್ಮದರ್ಶಕದ ಕೆಳಗಿಟ್ಟರು. ನಾನು ಮೇಷ್ಟ್ರು ಎಂದು ತಿಳಿದಿದ್ದರಿಂದ “ನೋಡ್ರಿ ಸರ್, ನೀವೂ ನೋಡ್ರಿ” ಎಂದು ಕರೆದರು. ಮಂಜಾದ ಬೆಳಕಿನಲ್ಲಿ ಗಂಟುಗಂಟಾಗಿ ಕವಲೊಡೆದ ಎಳೆಗಳು ಅಡ್ಡಾದಿಡ್ಡಿ ಹರಿದಿದ್ದವು. ಎರಡು ವಾರ ನಮ್ಮ ನಿದ್ದೆಗೆಡಿಸಿದ್ದು ಇದೇ, ಮತ್ತು ಇದನ್ನು ಹುಡುಕಲು ರಕ್ತಪರೀಕ್ಷೆಯೇ ಬೇಕಿರಲಿಲ್ಲ. ನಿಯಮಿತವಾಗಿ ವಾರಗಳ ಕಾಲ ಮಾತ್ರೆ ಮತ್ತು ಮುಲಾಮು, ಮನೆಯವರ ಮೈಮೇಲೂ ಇದೆಯೇ ಎಂದು ನೋಡುವುದು, ಟವೆಲ್ ಬೇರೆ ಇಡುವುದು ಇವು ಉಪಾಯ. ಧಾರವಾಡದ ಮಳೆಗಾಲದಲ್ಲಿ ಬಟ್ಟೆ ಮೂರು ದಿನವಾದರೂ ಒಣಗದು. ಹಸಿಹಸಿಯಾಗಿಯೇ ಲಾಡಿ ಬಿಗಿಯುವ ಬದಲು ಬಿಸಿ ಇಸ್ತ್ರಿ ಹಾಕಿ ಒಣಗಿಸಿ ಉಡುವಂತೆ ಅವರು ಹೇಳಿದ್ದು ಔಷಧದಷ್ಟೇ ಕೆಲಸ ಮಾಡಿತು.

ಇನ್ನೊಂದು ಕಲೆಯ ಬಗ್ಗೆ ಲೈಮ್ ಬಂದು ಹೋದವರಿಗೆ ವಿಶೇಷವಾಗಿ ಹೇಳಬೇಕು. ಪ್ರತಿಸಲವೂ ಕರಾರುವಾಕ್ಕಾಗಿ ಅದೇ ಜಾಗದಲ್ಲಿ, ದುಂಡಗೆ, ಗಾಢ ನೇರಳೆ ಬಣ್ಣದಲ್ಲಿ ಎದ್ದು, ಉರಿದು, ವಾಸಿಯಾದ ಮೇಲೆ ಕರಿ ಗುರುತನ್ನು ಬಿಟ್ಟುಹೋಗುವ ಕಲೆ ಔಷಧದ ಅಲರ್ಜಿಯದಾಗಿರಬಹುದು. ಮೊದಲ ಬಾರಿ ಕೆಲವು ದಿನ ಹಿಡಿದರೂ, ಮುಂದೆ ಅದೇ ಮಾತ್ರೆ ನುಂಗಿದ ಕೆಲವೇ ಗಂಟೆಗಳಲ್ಲಿ ಅದು ಮರಳುತ್ತದೆ. ನೋವಿನ ಮಾತ್ರೆಗಳು, ಸಲ್ಫಾ ಔಷಧಗಳು, ಭೇದಿಗೆ ಕೊಡುವ ಮೆಟ್ರೋನಿಡಜೋಲ್ ಮತ್ತು ಓರ್ನಿಡಜೋಲ್ ಇದಕ್ಕೆ ಹೆಸರಾದವು, ಆ ಪಟ್ಟಿಯಲ್ಲಿ ಡಾಕ್ಸಿಸೈಕ್ಲಿನ್ ಸೇರಿದ ಟೆಟ್ರಾಸೈಕ್ಲಿನ್ ಗುಂಪೂ ಇದೆ. ಕಲೆ ಎದ್ದಾಗಲೆಲ್ಲ ಹಳೆಯ ಕಾಯಿಲೆಯ ಭಯದಿಂದ ಉಳಿದ ಡಾಕ್ಸಿಸೈಕ್ಲಿನ್ ನುಂಗುವವರಲ್ಲಿ ಆ ಕ್ಯಾಪ್ಸೂಲೇ ಮುಂದಿನ ಕಲೆಗೆ ಕಾರಣವಾಗುವ ಸಾಧ್ಯತೆಯಿದೆ. ಅದೇ ಔಷಧ ಬಿಸಿಲಿಗೆ ಚರ್ಮವನ್ನು ಸೂಕ್ಷ್ಮಗೊಳಿಸಿ ಮುಖ ಮತ್ತು ಕೈಗಳ ಮೇಲೆ ಸುಟ್ಟಂಥ ಕೆಂಪು ತರುವುದೂ ಉಂಟು.

ಕಾಂಗ್ರೆಸ್ ಕಸದ ಅಲರ್ಜಿಯೂ ನಮ್ಮ ಹೊಲದವರನ್ನು ವರ್ಷವರ್ಷ ಕಾಡುತ್ತದೆ. ಕಣ್ಣೆವೆ, ಕುತ್ತಿಗೆ, ಮೊಣಕೈ ಮಡಿಕೆಗಳಲ್ಲಿ ದಪ್ಪಗಟ್ಟಿ ತುರಿಸುವ ಈ ಕಲೆ ಗಿಡ ಹೂಬಿಡುವ ಕಾಲದಲ್ಲಿ ಹೆಚ್ಚಾಗುತ್ತದೆ, ಊರು ಬಿಟ್ಟು ಇದ್ದಾಗ ಕಡಿಮೆಯಾಗುತ್ತದೆ. ಕೈಕಾಲಿನ ಮೇಲೆ ಹೊಟ್ಟಿಲ್ಲದೆ ಸಣ್ಣ ಗಟ್ಟಿ ಗುಳ್ಳೆಗಳೇ ಉಂಗುರವಾಗಿ ನಿಲ್ಲುವ ಗ್ರ್ಯಾನ್ಯುಲೋಮಾ ಆನ್ಯುಲೇರ್ ಎಂಬ ನಿರಪಾಯದ ಕಲೆಯೂ ಒಂದಿದೆ. ಕೊನೆಗೆ, ಮುಟ್ಟಿದರೆ ತಿಳಿಯದ, ಬಿಸಿ ತಣ್ಣಗೆ ಗೊತ್ತಾಗದ ಕಲೆಯಾದರೆ ಕುಷ್ಠದ ಪರೀಕ್ಷೆ ಮಾಡಿಸಲು ನಾಚಬಾರದು; ಸರ್ಕಾರಿ ಆಸ್ಪತ್ರೆಗಳಲ್ಲಿ ಅದರ ಔಷಧ ಉಚಿತ, ಬೇಗ ಶುರುಮಾಡಿದರೆ ನರಗಳು ಉಳಿಯುತ್ತವೆ.

ಆರನೆಯ ಹೆಜ್ಜೆ: ಚರ್ಮವೈದ್ಯರ ಬಳಿಗೆ ಹೋಗಿ, ರಕ್ತಪರೀಕ್ಷೆಯನ್ನು ಅವರು ಹೇಳಿದ ಮೇಲೆ ಮಾಡಿಸಿ

ಎಲ್ಲರೂ ಇನ್ನೂ ಕಿಮ್ಸ್ ಎಂದೇ ಕರೆಯುವ ಹುಬ್ಬಳ್ಳಿಯ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ, ಧಾರವಾಡದ ಸತ್ತೂರಿನ ಎಸ್‌ಡಿಎಂ, ಗದಗ ಮತ್ತು ಹಾವೇರಿಯ ವೈದ್ಯಕೀಯ ವಿಜ್ಞಾನ ಸಂಸ್ಥೆಗಳ ಆಸ್ಪತ್ರೆಗಳು ನಮಗೆ ಹತ್ತಿರದವು. ಹಾಳೆ, ಫೋಟೋ, ಹಚ್ಚಿದ ಮುಲಾಮಿನ ಟ್ಯೂಬು ಮೂರನ್ನೂ ಒಯ್ಯಿರಿ. ಮುಲಾಮು ಹಚ್ಚಿದ್ದನ್ನು ಮುಚ್ಚಿಡಬೇಡಿ. ಅದನ್ನು ಹೇಳದಿದ್ದರೆ ಎಂಥ ಅನುಭವಿ ಕಣ್ಣಿಗೂ ಕಲೆ ಗುರುತು ಸಿಗದೇ ಹೋಗಬಹುದು.

ನೇರವಾಗಿ ಪ್ರಯೋಗಾಲಯಕ್ಕೆ ಹೋಗಿ ಲೈಮ್ ಪರೀಕ್ಷೆ ಮಾಡಿಸುವುದು ಬೇಡವೆನ್ನಲು ಕಾರಣವಿದೆ. ಆ ಪರೀಕ್ಷೆ ಹುಡುಕುವುದು ಬ್ಯಾಕ್ಟೀರಿಯಾವನ್ನಲ್ಲ, ಅದರ ವಿರುದ್ಧ ನಮ್ಮ ರಕ್ತದಲ್ಲಿ ಹುಟ್ಟಿದ ಪ್ರತಿಕಾಯಗಳನ್ನು. ಕಾಯಿಲೆ ಪೂರ್ತಿ ವಾಸಿಯಾದ ಮೇಲೂ ಐಜಿಜಿ ಎಂಬ ಬಗೆಯ ಪ್ರತಿಕಾಯ ಹಲವು ವರ್ಷ ಉಳಿಯಬಹುದು, ಐಜಿಎಂ ಎಂಬ ಇನ್ನೊಂದು ಬಗೆಯದು ಕೂಡ ಕೆಲವರಲ್ಲಿ ಉಳಿಯುತ್ತದೆ. ಆದ್ದರಿಂದ ಒಮ್ಮೆ ಲೈಮ್ ಬಂದವರಲ್ಲಿ “ಪಾಸಿಟಿವ್” ಎಂದು ಬಂದರೆ ಹಿಂದೆ ಯಾವಾಗಲೋ ಸೋಂಕು ತಗಲಿತ್ತೆಂಬುದನ್ನು ಬಿಟ್ಟು ಹೆಚ್ಚೇನೂ ಹೇಳಿದಂತಾಗುವುದಿಲ್ಲ. ಸಿಫಿಲಿಸ್, ಇಲಿಜ್ವರ, ಕೆಲವು ಸಂಧಿವಾತಗಳಲ್ಲಿಯೂ ಅದು ತಪ್ಪಾಗಿ ಪಾಸಿಟಿವ್ ಆಗುತ್ತದೆ. ಅದಕ್ಕಾಗಿಯೇ ಮೊದಲು ಎಲೈಸಾ ಎಂಬ ರಕ್ತಪರೀಕ್ಷೆ, ಅದು ಪಾಸಿಟಿವ್ ಆದರೆ ಎರಡನೆಯ ದೃಢೀಕರಣ ಪರೀಕ್ಷೆ ಎಂಬ ಎರಡು ಹಂತದ ಪದ್ಧತಿಯಿದೆ. ಹೊಸ ಕಲೆಯ ಮೊದಲ ವಾರಗಳಲ್ಲಿ, ಸೋಂಕು ನಿಜವಿದ್ದಾಗಲೂ, ಅದು ನೆಗೆಟಿವ್ ಬರುವುದು ಸಾಮಾನ್ಯ. ಪರೀಕ್ಷೆ ನಿಜಕ್ಕೂ ನೆರವಾಗುವುದು ಯುರೋಪಿನ ಆ ತೆಳುಚರ್ಮದ ರೋಗದ ಅನುಮಾನವಿದ್ದಾಗ: ಅದರಲ್ಲಿ ಐಜಿಜಿ ಹೆಚ್ಚುಕಡಿಮೆ ಎಲ್ಲರಲ್ಲೂ ಬಲವಾಗಿಯೇ ಇರುತ್ತದೆ, ಆದ್ದರಿಂದ ನೆಗೆಟಿವ್ ಬಂದರೆ ಆ ರೋಗವನ್ನು ಬಹುಮಟ್ಟಿಗೆ ಕೈಬಿಡಬಹುದು. ಅನುಮಾನ ಉಳಿದರೆ ಚರ್ಮದ ಸಣ್ಣ ತುಣುಕು ತೆಗೆದು ಬಯಾಪ್ಸಿ ಮಾಡುತ್ತಾರೆ.

ಏಳನೆಯ ಹೆಜ್ಜೆ: ಮನೆಯ ಕಪಾಟಿನ ಹಳೆಯ ಕ್ಯಾಪ್ಸೂಲುಗಳನ್ನು ತೆಗೆದುಹಾಕಿ

ಉಳಿದ ಕ್ಯಾಪ್ಸೂಲುಗಳನ್ನು ಮುಂದಿನ ಕಲೆಗೆಂದು ಕೂಡಿಡುವ ಅಗತ್ಯವಿಲ್ಲ. ನಿಜವಾಗಿ ಹೊಸ ಲೈಮ್ ಕಲೆಯೇ ಆಗಿದ್ದರೆ ವೈದ್ಯರು ಕೊಡುವ ಡಾಕ್ಸಿಸೈಕ್ಲಿನ್ ಅಥವಾ ಅಮಾಕ್ಸಿಸಿಲಿನ್‌ನ 10ರಿಂದ 14 ದಿನಗಳ ಕೋರ್ಸ್ ಸಾಕಾಗುತ್ತದೆ, ಮೊದಲ ಸಲದಂತೆಯೇ ಗುಣವಾಗುತ್ತದೆ. ಕೆಲವರಿಗೆ ಚಿಕಿತ್ಸೆಯ ನಂತರವೂ ತಿಂಗಳುಗಟ್ಟಲೆ ದಣಿವು, ಮೈನೋವು, ಮರೆವು ಉಳಿಯುತ್ತವೆ. ಅದು ನಿಜವಾದ ಕಷ್ಟ, ಅದನ್ನು ಭ್ರಮೆಯೆಂದು ತಳ್ಳಿಹಾಕಬಾರದು. ಆದರೆ ಮರುಕಳಿಸುವ ಚರ್ಮದ ಕಲೆ ಆ ಸ್ಥಿತಿಯ ಲಕ್ಷಣವಲ್ಲ, ಮತ್ತು ತಿಂಗಳುಗಟ್ಟಲೆ ಆಂಟಿಬಯೋಟಿಕ್ ಅದಕ್ಕೆ ಮದ್ದೂ ಅಲ್ಲ. ನೆದರ್ಲೆಂಡ್ಸ್‌ನಲ್ಲಿ 280 ರೋಗಿಗಳ ಮೇಲೆ ನಡೆದು 2016ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಎರಡು ವಾರದ ಚಿಕಿತ್ಸೆಯ ಮೇಲೆ ಇನ್ನೂ 12 ವಾರ ಆಂಟಿಬಯೋಟಿಕ್ ಕೊಟ್ಟರೂ ಹೆಚ್ಚಿನ ಲಾಭ ಕಾಣಲಿಲ್ಲ.

ಕಲೆ ವಾಸಿಯಾದ ಮೇಲೆ ನಮ್ಮ ಬಣ್ಣದ ಚರ್ಮದಲ್ಲಿ ಕಂದು ಗುರುತು ತಿಂಗಳುಗಟ್ಟಲೆ ಉಳಿಯುತ್ತದೆ. ಅದು ಉಬ್ಬದೆ, ತುರಿಸದೆ, ಹರಡದೆ ಇದ್ದರೆ ರೋಗವಲ್ಲ, ಬಣ್ಣ ಮಾತ್ರ. ಅದನ್ನು ನೋಡಿ ಮತ್ತೆ ಮುಲಾಮು ಶುರುಮಾಡಬಾರದು.

ಎಂಟನೆಯ ಹೆಜ್ಜೆ: ಮತ್ತೆ ಅಲ್ಲಿಗೆ ಹೋಗುವವರಾದರೆ

ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ಅಮೆರಿಕದ ಈಶಾನ್ಯ ರಾಜ್ಯಗಳಲ್ಲಿರುವವರು ಹುಲ್ಲು, ಪೊದೆ, ತರಗೆಲೆಗಳಿಂದ ದೂರ ದಾರಿಯ ನಡುವೆ ನಡೆಯಬೇಕು, ಸೀರೆಗಿಂತ ಪ್ಯಾಂಟು ಹಾಕಿ ಅದರ ಅಂಚನ್ನು ಕಾಲುಚೀಲದೊಳಗೆ ಸೇರಿಸುವುದು ಮೇಲು. ಮನೆಗೆ ಬಂದೊಡನೆ ಬಟ್ಟೆಗಳನ್ನು ಡ್ರೈಯರಿನ ಹೆಚ್ಚು ಬಿಸಿಯಲ್ಲಿ 10 ನಿಮಿಷ ಹಾಕಿದರೆ ಉಣ್ಣಿ ಸಾಯುತ್ತದೆ. ಹೆಚ್ಚಾಗಿ ಸೋಂಕು ತಗಲಿಸುವ ಮರಿ ಉಣ್ಣಿ ಗಸಗಸೆ ಕಾಳಿನಷ್ಟೇ ಇರುವುದರಿಂದ ಕಣ್ಣಿಗಿಂತ ಬೆರಳ ತುದಿ ಅದನ್ನು ಬೇಗ ಹುಡುಕುತ್ತದೆ. ಮೊಣಕಾಲ ಹಿಂದೆ, ತೊಡೆಸಂದು, ಸೊಂಟ, ಕಂಕುಳು, ಹೊಕ್ಕುಳ, ಕಿವಿಯ ಹಿಂದೆ, ತುರುಬಿನ ಬುಡ ಇವಿಷ್ಟನ್ನೂ ದಿನವೂ ಸವರಿ ನೋಡಬೇಕು. ಅಂಟಿಕೊಂಡಿದ್ದರೆ ಚಿಮಣಿ ಎಣ್ಣೆ, ಸುಣ್ಣ, ಕಡ್ಡಿಯ ಬೆಂಕಿ ಯಾವುದೂ ಬೇಡ. ಮೊನಚು ತುದಿಯ ಚಿಮಟದಿಂದ ಚರ್ಮಕ್ಕೆ ತಾಗಿ ಹಿಡಿದು ತಿರುಚದೆ ನೇರವಾಗಿ ಮೇಲಕ್ಕೆ ಎಳೆದು, ಜಾಗವನ್ನು ಸೋಪಿನಿಂದ ತೊಳೆಯಬೇಕು. ಅಲ್ಲಿ ಸೋಂಕು ದಾಟಲು ಉಣ್ಣಿ ಸಾಮಾನ್ಯವಾಗಿ ಒಂದು ದಿನಕ್ಕಿಂತ ಹೆಚ್ಚು ಹೊತ್ತು ಅಂಟಿಕೊಂಡಿರಬೇಕಾಗುತ್ತದೆ, ಹಾಗಾಗಿ ಅದೇ ಸಂಜೆ ಕಿತ್ತರೆ ಅಪಾಯ ಬಹಳ ಕಡಿಮೆ. ಎಷ್ಟು ಹೊತ್ತು ಅಂಟಿತ್ತೆಂದು ತಿಳಿಯದಿದ್ದರೆ, ಕಿತ್ತ 72 ಗಂಟೆಯೊಳಗೆ ಅಲ್ಲಿಯ ವೈದ್ಯರನ್ನು ಕೇಳಿ. ಆಯ್ದ ಸಂದರ್ಭಗಳಲ್ಲಿ ಒಂದೇ ಸಲ ತೆಗೆದುಕೊಳ್ಳುವ ಡಾಕ್ಸಿಸೈಕ್ಲಿನ್ ಸೋಂಕನ್ನು ತಡೆಯುತ್ತದೆ.

ಕಚ್ಚಿದ ಒಂದೆರಡು ದಿನಗಳಲ್ಲೇ ಎದ್ದು, ತುರಿಸಿ, ನಾಣ್ಯದಷ್ಟೇ ಉಳಿದು ಇಳಿಯುವ ಕೆಂಪು ಕಡಿತದ ಅಲರ್ಜಿಯೇ ಹೊರತು ಲೈಮ್ ಅಲ್ಲ. ಆದರೂ ಅದರ ಸುತ್ತ ಗೆರೆ ಎಳೆದು, ತಾರೀಖು ಹಾಕಿ, 30 ದಿನ ನೋಡುತ್ತಿರಬೇಕು. ಊರಿಗೆ ಮರಳುವ ವಿಮಾನ ಆ 30 ದಿನಗಳ ಒಳಗಿದ್ದರೆ ಕಡಿತದ ತಾರೀಖು ಮತ್ತು ಜಾಗವನ್ನು ಬರೆದ ಚೀಟಿಯನ್ನು ಪಾಸ್‌ಪೋರ್ಟಿನ ಜೊತೆಗೇ ಇಟ್ಟುಕೊಳ್ಳಿ, ಇಲ್ಲಿಗೆ ಬಂದ ಮೇಲೆ ಕಲೆ ಎದ್ದರೆ ಚರ್ಮವೈದ್ಯರು ಮೊದಲು ಕೇಳುವುದು ಅದನ್ನೇ.